ಕತ್ತರಿಯ ದನಿ

ನಮ್ಮ ಆಫೀಸಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವನು ಕತ್ತರಿ. ಆ ಹೆಸರಿಟ್ಟವಳು ನಾನೇ. ಅವನಿಗೆ ಬೇಜಾರಾಯಿತೋ ಇಲ್ಲವೋ ಗೊತ್ತಿಲ್ಲ. ಆಗಿದ್ದರೂ ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ. ಏನು ಹೇಳಿದರೂ 'ಆಯ್ತಕ್ಕ' ಎನ್ನುವುದೊಂದೇ ಅವನ ಮಾತು. ನನ್ನದು ಅದಕ್ಕೆ ತದ್ವಿರುದ್ಧ. ನನ್ನ ಬಾಯಿಗೆ ಬೀಗ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ನನ್ನ ಗಂಡನೇ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು.

ನಮ್ಮದು ಕಣ್ಣು ಕಾಣದವರಿಗೆ ಪುಸ್ತಕ ಓದಿ, ಆ ಓದನ್ನು ರೆಕಾರ್ಡು ಮಾಡಿ ಕಳಿಸುವ ಸಂಸ್ಥೆ. ಓದುವ ಕೋಣೆಯ ಉಸ್ತುವಾರಿ ನನ್ನದು. ಚಿಕ್ಕ ಕೋಣೆ, ಗೋಡೆಗೆಲ್ಲ ದಪ್ಪ ಸ್ಪಂಜು, ಒಂದು ಮೇಜು, ಒಂದು ಮೈಕು. ಬಾಗಿಲ ಮೇಲೆ ಕೆಂಪು ದೀಪ. ಅದು ಉರಿಯುತ್ತಿದ್ದರೆ ಒಳಗೆ ಯಾರೋ ಓದುತ್ತಿದ್ದಾರೆಂದು ಅರ್ಥ. ಆಗ ಸಾಹೇಬರೇ ಬಂದರೂ ಬಾಗಿಲು ಮುಟ್ಟುವ ಹಾಗಿಲ್ಲ. ಆ ಒಂದು ಕಾನೂನನ್ನು ಮಾತ್ರ ನಮ್ಮಲ್ಲಿ ಎಲ್ಲರೂ ಪಾಲಿಸುತ್ತಿದ್ದರು, ನನ್ನ ಬಾಯಿಗೆ ಹೆದರಿ.

ಒಂದು ಪುಸ್ತಕ ಓದಿ ಮುಗಿಸಿದರೆ ಗಂಟೆಗಟ್ಟಲೆ ಧ್ವನಿ ಸೇರಿರುತ್ತದೆ. ಅದನ್ನೆಲ್ಲ ಒತ್ತಿ, ಅದುಮಿ, ಒಂದೇ ಫೈಲು ಮಾಡಿ ಇಡುತ್ತಿದ್ದೆವು. ನಮ್ಮ ಬಾಯಲ್ಲಿ ಅದಕ್ಕೆ ಗಂಟು ಎಂದು ಹೆಸರು. ಎಷ್ಟು ಅದುಮಿದರೂ ಗಂಟು ದೊಡ್ಡದೇ. ದೂರದ ಕೇಂದ್ರಗಳಲ್ಲಿ ಕೂತು ಕೇಳುವವರ ಇಂಟರ್ನೆಟ್ಟೋ, ದೇವರಿಗೇ ಪ್ರೀತಿ. ಅರ್ಧ ಇಳಿಯುವಷ್ಟರಲ್ಲಿ ಕಡಿದುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಕತ್ತರಿಗಿಂತ ಮುಂಚೆ ಇದ್ದವನು ಗಂಟನ್ನು ಬಿಚ್ಚದೆಯೇ ಅಳತೆ ನೋಡಿ ಕಚಕಚ ತುಂಡು ಮಾಡಿ ಕಳಿಸುತ್ತಿದ್ದ. ಆ ತುಂಡುಗಳಲ್ಲಿ ಒಂದೂ ತಪ್ಪದೆ ಹೋಗಿ ಸೇರಿ, ಸಾಲಾಗಿ ಜೋಡಿಸಿಕೊಂಡರೆ ಮಾತ್ರ ಪುಸ್ತಕ. ನಡುವೆ ಒಂದು ಕಳೆದುಹೋದರೆ ಉಳಿದವೂ ಕಸ. ಕೇಂದ್ರದವರು ಫೋನು ಮಾಡಿ ಬೈಯುವುದು, ನಾನು ತಿರುಗಿಸಿ ಬೈಯುವುದು, ಇದೇ ನಮ್ಮ ಸಾಹಿತ್ಯಸೇವೆಯಾಗಿತ್ತು.

ಕತ್ತರಿ ಬಂದವನೇ ಒಂದು ಸ್ಕ್ರಿಪ್ಟು ಬರೆದ. ಕಂಪ್ಯೂಟರಿಗೆ 'ಮೊದಲು ಇದು ಮಾಡು, ಆಮೇಲೆ ಅದು ಮಾಡು' ಎಂದು ಸಾಲುಸಾಲಾಗಿ ಬರೆದಿಟ್ಟ ಅಪ್ಪಣೆ ಅದು. ಗಂಟನ್ನು ಪೂರ್ತಿ ಬಿಚ್ಚಿ ಹರಡಲು ನಮ್ಮ ಮುದಿ ಕಂಪ್ಯೂಟರಿನಲ್ಲಿ ಜಾಗ ಎಲ್ಲಿಂದ ಬರಬೇಕು? ಅದಕ್ಕೆ ಅವನ ಸ್ಕ್ರಿಪ್ಟು ಸ್ವಲ್ಪ ಬಿಚ್ಚುವುದು, ಓದುವವರು ಉಸಿರೆಳೆದುಕೊಳ್ಳಲು ನಿಂತ ಜಾಗ ಹುಡುಕಿ ಅಲ್ಲೇ ಕತ್ತರಿಸುವುದು, ಆ ತುಂಡನ್ನು ಬೇರೆಯಾಗಿ ಒತ್ತಿ ಕಟ್ಟುವುದು, ಮತ್ತೆ ಸ್ವಲ್ಪ ಬಿಚ್ಚುವುದು. ನೂಲಿನ ಉಂಡೆಯಿಂದ ಬೇಕಾದಷ್ಟು ಎಳೆದು ಕತ್ತರಿಸಿಕೊಂಡ ಹಾಗೆ. ಪ್ರತಿ ತುಂಡೂ ತಾನೇ ತಾನಾಗಿ ತೆರೆದುಕೊಳ್ಳುತ್ತಿತ್ತು. ಒಂದು ಕಳೆದುಹೋದರೆ ಅದೊಂದನ್ನೇ ಮತ್ತೆ ಕಳಿಸಿದರಾಯಿತು. ತುಂಡಿನ ತಲೆಯಲ್ಲಿ ಪುಸ್ತಕದ ಹೆಸರು, ಆಮೇಲೆ 'ಭಾಗ ಇಷ್ಟು' ಎಂಬ ಮಾತು. ಆ ಮಾತು ಹೇಳಿದ ದನಿ ನನ್ನದು. ಒಂದು ಮಧ್ಯಾಹ್ನ ಕೂತು ಭಾಗ ಒಂದರಿಂದ ಭಾಗ ನೂರರವರೆಗೂ ಹೇಳಿ ಗಂಟಲು ಒಣಗಿಸಿಕೊಂಡಿದ್ದೆ.

"ತುಂಡುಗಳು ಒಂದನ್ನೊಂದು ನಂಬಿಕೊಂಡಿರಬಾರದಕ್ಕ," ಎಂದು ಆಗ ಹೇಳಿದ್ದ. "ಒಂದು ಹೋದರೂ ಇನ್ನೊಂದು ಬದುಕಬೇಕು." ಕಂಪ್ಯೂಟರಿನ ಮಾತು ಎಂದುಕೊಂಡು ಸುಮ್ಮನಾಗಿದ್ದೆ.

ಹಿಂದಿಲ್ಲ ಮುಂದಿಲ್ಲದ ಮನುಷ್ಯ ಎಂದೇ ನಾವೆಲ್ಲ ತಿಳಿದಿದ್ದೆವು. ಒಮ್ಮೆ ಜ್ವರ ಬಂದು ಎರಡು ದಿನ ಕಾಣಿಸಲಿಲ್ಲ. ಗಂಜಿ ಮಾಡಿಕೊಂಡು ವಿಳಾಸ ಹುಡುಕುತ್ತಾ ಹೋದೆ. ಟಯರು ಪಂಕ್ಚರ್ ಹಾಕುವ ಅಂಗಡಿಯ ಮೇಲೆ ಒಂದು ರೂಮು. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಕುರ್ಚಿ ಮಾತ್ರ ಎರಡು. ಅವನು ಕೂರುವ ಕುರ್ಚಿಯ ಬೆತ್ತ ಹರಿದು ಜೋಲುತ್ತಿತ್ತು. ಇನ್ನೊಂದು, ಬಂದವರಿಗೆಂದು ಕೊಂಡು ತಂದದ್ದು, ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕನ್ನು ಬಿಚ್ಚದೆ ಹಾಗೇ ಇತ್ತು. "ಕೂತ್ಕೊಳ್ಳಿ ಅಕ್ಕ" ಎಂದು ಗಡಬಡಿಸಿ ಎದ್ದು ಆ ಪ್ಲಾಸ್ಟಿಕ್ಕು ಹರಿಯತೊಡಗಿದ. ಕೊಂಡು ಎಷ್ಟು ವರ್ಷವಾಯಿತೋ ಎಂದೆ. "ಈ ರೂಮಿಗೆ ಬಂದಾಗಲೇ" ಎಂದ. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ. ಗಂಜಿ ಆರುತ್ತದೆ, ಮೊದಲು ಕುಡಿ ಎಂದು ಗದರಿದೆ.

ಅವನಿಗೂ ಒಬ್ಬರಿದ್ದಾರೆಂದು ತಿಳಿದದ್ದು ಒಂದು ಫೋನಿನಿಂದ.

ತಿಂಗಳಿಗೊಮ್ಮೆ ಹೊಸ ಪುಸ್ತಕಗಳ ಹೆಸರನ್ನು ನಾನು ಒಂದೊಂದು ಕೇಂದ್ರಕ್ಕೂ ಫೋನಿನಲ್ಲಿ ಓದಿ ಹೇಳುವುದು ವಾಡಿಕೆ. ಅಲ್ಲಿಯವರು ಫೋನನ್ನು ಸ್ಪೀಕರಿಗೆ ಹಾಕಿ, ಸುತ್ತ ಕೂತವರಲ್ಲಿ ಯಾರಿಗೆ ಯಾವುದು ಬೇಕೋ ಹೇಳುತ್ತಿದ್ದರು. ಬಹಳ ದೂರದ ಒಂದು ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವಳು ಚುರುಕಾದ ಹುಡುಗಿ. ಅವಳಿಗೆ ಹೆಸರುಗಳನ್ನು ಓದುತ್ತಿದ್ದೆ. ನನ್ನ ಮೇಜಿನ ಎದುರು ಮೇಜಿನಲ್ಲಿ ಕತ್ತರಿ ಕೆಲಸ ಮಾಡುತ್ತಿದ್ದ. ನಾನು ಒಂದು ಹೆಸರು ಹೇಳುವುದು, ಅಲ್ಲಿಂದ ಒಂದು ಮುದಿ ದನಿ "ಹೂಂ, ಮುಂದೆ?" ಎನ್ನುವುದು. ಇನ್ನೊಂದು ಹೆಸರು, ಮತ್ತೆ "ಹೂಂ, ಮುಂದೆ?" ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ.

"ಯಾರಮ್ಮಾ ಅದು, ನನಗೇ ಪರೀಕ್ಷೆ ಮಾಡ್ತಿರೋದು?" ಎಂದೆ.

ಹುಡುಗಿ ನಕ್ಕಳು. "ನಮ್ಮ ಭೂಗೋಳದ ಮೇಷ್ಟ್ರು ಅಕ್ಕ. ಹೊಸದಾಗಿ ಬಂದಿದಾರೆ. ಕಣ್ಣು ಪೂರ್ತಿ ಹೋದ ಮೇಲೆ ನೋಡಿಕೊಳ್ಳೋರು ಯಾರೂ ಇಲ್ಲ ಅಂತ ಇಲ್ಲಿಗೆ ಸೇರಿಕೊಂಡರು."

ಎದುರಿಗೆ ನೋಡಿದರೆ ಕತ್ತರಿಯ ಕೈ ಕೀಲಿಗಳ ಮೇಲೆ ನಿಂತುಹೋಗಿತ್ತು. ನಾನು ಫೋನಿಟ್ಟು, ಏನಾಯಿತೋ ಎಂದೆ. ಏನಿಲ್ಲಕ್ಕ ಎಂದು ಎದ್ದು ಹೊರಗೆ ಹೋದ.

ಮುಂದಿನ ವಾರ ಕಳಿಸುವ ಮುನ್ನ ಒಂದು ತುಂಡನ್ನು ಕೇಳಿ ನೋಡುತ್ತೇನೆ, ತಲೆಯಲ್ಲಿ ನನ್ನ ದನಿ ಇಲ್ಲ! ಒಡೆದ ಗಂಟಲಿನ, ಏರಿಳಿತವಿಲ್ಲದ ಗಂಡುದನಿಯೊಂದು 'ಭಾಗ ನಾಲ್ಕು' ಎನ್ನುತ್ತಿದೆ. ಸಿಟ್ಟು ನೆತ್ತಿಗೇರಿತು ನನಗೆ.

"ಎಲಾ ಇವನ! ನನ್ನ ದನಿಗೆ ಏನು ಧಾಡಿ ಬಂದಿತ್ತೋ?"

"ಆ ಒಂದು ಕೇಂದ್ರಕ್ಕೆ ಮಾತ್ರ ಅಕ್ಕ," ಎಂದ. "ಬೇರೆಯವರಿಗೆಲ್ಲ ನಿಮ್ಮದೇ ಹೋಗುತ್ತೆ."

"ಆ ಕೇಂದ್ರದವರೇನು ಪಾಪ ಮಾಡಿದ್ರು?"

ಆಗ ಹೇಳಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಭೂಗೋಳದ ಮೇಷ್ಟ್ರು ಅವನ ಅಣ್ಣ. ಅಪ್ಪ ಬೇಗ ಹೋದದ್ದರಿಂದ ಅಣ್ಣನೇ ಅಪ್ಪ. ಚಿಕ್ಕವನಿದ್ದಾಗ ಸಂಜೆ ಕೈಕಾಲು ತೊಳೆದು ಅಣ್ಣನ ಮುಂದೆ ಪಾಠ ಒಪ್ಪಿಸಬೇಕಿತ್ತಂತೆ. ಇವನು ಒಂದು ಸಾಲು ಹೇಳಿದರೆ ಅಣ್ಣ ಕಣ್ಣು ಮುಚ್ಚಿ "ಹೂಂ, ಮುಂದೆ?" ಎನ್ನುತ್ತಿದ್ದನಂತೆ. ಅಮ್ಮನಿಗೆ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿಸಿದಾಗ ಅಣ್ಣ ಪರೀಕ್ಷೆಯ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ. ತಕ್ಷಣ ಆಪರೇಷನ್ ಆಗಬೇಕು, ಕಾಯುವ ಹಾಗಿಲ್ಲ ಎಂದರು ಡಾಕ್ಟರು. ಇವನು ಒಪ್ಪಿಗೆ ಕೊಟ್ಟ. ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ. ಅಣ್ಣ ಬಂದಾಗ ಎಲ್ಲ ಮುಗಿದಿತ್ತು.

"'ನಾನು ಬರೋವರೆಗೂ ತಡೆಯೋಕೆ ಆಗಲಿಲ್ಲವಾ ನಿನಗೆ?' ಅಂದ. ನಾನು ಏನೋ ಹೇಳೋಕೆ ಹೋದೆ. 'ಬಾಯಿ ಮುಚ್ಚು. ಇನ್ನು ನಿನ್ನ ದನಿ ನನ್ನ ಕಿವಿಗೆ ಬೀಳಬಾರದು' ಅಂದ. ಅವತ್ತಿನಿಂದ ಬೀಳಲಿಲ್ಲ ಅಕ್ಕ."

"ಸಿಟ್ಟಲ್ಲಿ ಅಂದಿದ್ದು ಕಣೋ ಅದು! ಸಿಟ್ಟಲ್ಲಿ ಜನ ಏನೇನೋ ಅಂತಾರೆ. ನಾನು ದಿನಾ ಅಂತೀನಿ."

"ಅಣ್ಣ ಅಂದಿದ್ದಲ್ವಾ," ಎಂದ. ಅವನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವರು ಒಂದು ಊರಿನಲ್ಲಿ ಕುರುಡಾಗಿ ಕೂತಿದ್ದರು, ಕೇಳಿಸಿಕೊಂಡವನು ಇನ್ನೊಂದು ಊರಿನಲ್ಲಿ ಪ್ಲಾಸ್ಟಿಕ್ ಬಿಚ್ಚದ ಕುರ್ಚಿಯ ಎದುರು ಕೂತಿದ್ದ. ಇಬ್ಬರನ್ನೂ ಹಿಡಿದು ತಲೆಗೆ ತಲೆ ಕುಟ್ಟಬೇಕು ಅನ್ನಿಸಿತು ನನಗೆ.

"ಮತ್ತೆ ಈಗ 'ಭಾಗ ನಾಲ್ಕು' ಅಂತ ಒದರಿದೀಯಲ್ಲ, ಅದು ಕಿವಿಗೆ ಬೀಳಲ್ವಾ?"

"ಅದು ನನ್ನ ಮಾತಲ್ಲಕ್ಕ. ಪುಸ್ತಕದ ಮಾತು."

ಎಂಥ ವಕೀಲ ನೋಡಿ. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅಣ್ಣ ಗುರುತು ಹಿಡಿಯುತ್ತಾನೋ ಇಲ್ಲವೋ, ಹಿಡಿದರೆ ಇನ್ನೂ ಸಿಟ್ಟಾಗುತ್ತಾನೋ ಏನೋ, ಅದೊಂದೇ ಅವನಿಗೆ ಯೋಚನೆ. ಬೆಳಿಗ್ಗೆ ಬಂದವನೇ ಆ ಕೇಂದ್ರದಿಂದ ಹೊಸ ಪುಸ್ತಕ ಕೇಳಿದ್ದಾರಾ ಎಂದು ನೋಡುತ್ತಿದ್ದ. ಕೇಳಿದ್ದರೆ ಆ ದಿನ ನನ್ನ ಬೈಗುಳವೂ ಅವನಿಗೆ ಹಿತವಾಗಿರುತ್ತಿತ್ತು.

ಕೇಳುತ್ತಲೂ ಇದ್ದರು. ಭೂಗೋಳದ ಮೇಷ್ಟ್ರು ಮೊದಲು ಒಂದು ಪ್ರವಾಸದ ಪುಸ್ತಕ ತರಿಸಿಕೊಂಡರು, ಆಮೇಲೆ ದೊಡ್ಡದೊಂದು ಕಾದಂಬರಿ, ಆಮೇಲೆ ಅದಕ್ಕಿಂತ ದೊಡ್ಡದು. ಕೊನೆಕೊನೆಗೆ ಅವರು ಕೇಳಿದ್ದು ನಮ್ಮ ಕಪಾಟಿನಲ್ಲೇ ಅತ್ಯಂತ ದಪ್ಪದ ಪುಸ್ತಕ. ಬೇಸಾಯದ ಚರಿತ್ರೆ. ಅದನ್ನು ಓದಿದ ನಿವೃತ್ತ ಅಧಿಕಾರಿಯೊಬ್ಬರನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಅದರ ತಂಟೆಗೆ ಹೋಗಿರಲಿಲ್ಲ.

"ಅಣ್ಣನಿಗೆ ಓದು ಅಂದರೆ ಮೊದಲಿಂದಲೂ ಪ್ರಾಣ," ಎಂದು ಕತ್ತರಿ ಹೆಮ್ಮೆಯಿಂದ ಹೇಳಿದ.

ಆ ಹೆಮ್ಮೆಯಲ್ಲೇ ಎಡವಿದ. ಬೇಸಾಯದ ಗಂಟು ಅಷ್ಟು ದೊಡ್ಡದು, ನಮ್ಮ ಕಂಪ್ಯೂಟರು ಒಂದೊಂದು ತುಂಡು ಮಾಡಲೂ ಏದುಸಿರು ಬಿಡುತ್ತಿತ್ತು. ತುಂಡಿನ ತಲೆಗೆ ದನಿ ಅಂಟಿಸಬೇಕಾದರೆ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಒತ್ತಬೇಕು. ಹೆಚ್ಚು ಹೊತ್ತು ತಿನ್ನುತ್ತಿದ್ದದ್ದೇ ಆ ಕೆಲಸ. ಅಣ್ಣ ಪುಸ್ತಕಕ್ಕೆ ಕಾಯುತ್ತಾ ಕೂತಿದ್ದಾನೆ ಎಂಬುದು ಇವನ ತಲೆಯಲ್ಲಿ. ಕೂತು ಸ್ಕ್ರಿಪ್ಟನ್ನು ತಿದ್ದಿದ. ದನಿ ಅಂಟಿಸುವ ಸಾಲುಗಳನ್ನು ಕಿತ್ತುಹಾಕಿದ. ಭಾಗದ ಸಂಖ್ಯೆಯನ್ನು ಫೈಲಿನ ಹೆಸರಿಗೆ ಸೇರಿಸಿದ. ಕೇಳುವ ಯಂತ್ರವೇ ಅದನ್ನು ತನ್ನ ತಗಡಿನ ದನಿಯಲ್ಲಿ ಓದಿ ಹೇಳುತ್ತದೆ. ತುಂಡುಗಳನ್ನೂ ದೊಡ್ಡದು ಮಾಡಿದ. ಇಡೀ ದಿನದ ಕೆಲಸ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದುಹೋಗಿತ್ತು. ಸಾಹೇಬರು ಬಂದು ಬೆನ್ನು ತಟ್ಟಿದರು.

"ನಿನ್ನ ದನಿ ತೆಗೆದುಬಿಟ್ಯಲ್ಲೋ," ಎಂದೆ.

"ಅವನಿಗೆ ಬೇಕಾಗಿರೋದು ಪುಸ್ತಕ ಅಕ್ಕ. ನನ್ನ ದನಿ ಕಟ್ಟಿಕೊಂಡು ಏನಾಗಬೇಕು? ಬೇಗ ಸಿಗಲಿ."

ಪುಸ್ತಕ ಬೇಗ ಹೋಗಿ ಸೇರಿತು. ಆಮೇಲೆ ಆ ಕೇಂದ್ರದ ಮೇಷ್ಟರಿಂದ ಒಂದು ಪುಸ್ತಕಕ್ಕೂ ಬೇಡಿಕೆ ಬರಲಿಲ್ಲ. ಒಂದು ತಿಂಗಳು ಹೋಯಿತು, ಇನ್ನೊಂದು ಹೋಯಿತು. ಹೊಸ ಹೆಸರುಗಳನ್ನು ಓದಲು ನಾನು ಫೋನು ಮಾಡಿದಾಗ 'ಹೂಂ, ಮುಂದೆ?' ಎನ್ನುವವರೂ ಇರಲಿಲ್ಲ. ಮೇಷ್ಟ್ರು ಎಲ್ಲಮ್ಮಾ ಎಂದರೆ, ಈಗ ಕೋಣೆಯಿಂದ ಹೊರಗೆ ಬರಲ್ಲ ಅಕ್ಕ ಎಂದಳು ಹುಡುಗಿ. ಎದುರು ಮೇಜಿನಲ್ಲಿ ಕೂತವನಿಗೆ ಅದೂ ಕೇಳಿಸಿತು.

"ಗೊತ್ತಾಗಿಹೋಗಿದೆ ಅಕ್ಕ," ಎಂದ ಕತ್ತರಿ. "ನನ್ನ ದನಿ ಅಂತ ಗುರುತು ಹಿಡಿದಿದಾನೆ. ಅದಕ್ಕೇ ನಮ್ಮ ಪುಸ್ತಕದ ಸಹವಾಸವೇ ಬೇಡ ಅಂತ ಬಿಟ್ಟುಬಿಟ್ಟಿದಾನೆ. ಇದ್ದ ಒಂದು ಸುಖಾನೂ ನಾನೇ ಕಿತ್ತುಕೊಂಡೆ."

ಎಷ್ಟು ಹೇಳಿದರೂ ಕೇಳಲಿಲ್ಲ. ಫೋನು ಮಾಡಿ ವಿಚಾರಿಸುತ್ತೇನೆ ಎಂದರೆ ಕೈ ಮುಗಿದುಬಿಟ್ಟ. ದಿನದಿಂದ ದಿನಕ್ಕೆ ಇಳಿದುಹೋದ. ಸಂಜೆ ಎಲ್ಲರೂ ಹೊರಟರೂ ಅವನು ಹೊರಡುತ್ತಿರಲಿಲ್ಲ. ರಜೆಯ ದಿನವೂ ಆಫೀಸಿಗೆ ಬಂದು ಕೂರುತ್ತಿದ್ದನೆಂದು ಕಾವಲುಗಾರ ಹೇಳಿದ. ಬಂದು ಏನು ಮಾಡ್ತಾನೆ ಎಂದೆ. ಏನೂ ಇಲ್ಲ, ಸುಮ್ಮನೆ ಕೂತಿರ್ತಾರೆ ಎಂದ.

ನನಗೆ ತಡೆಯಲಾಗಲಿಲ್ಲ. ನಾನೇನು ಯಾರಿಗೂ ಮಾತು ಕೊಟ್ಟವಳಲ್ಲ. ಒಂದು ಮಧ್ಯಾಹ್ನ ಓದುವವರು ಯಾರೂ ಬರುವುದಿರಲಿಲ್ಲ. ಓದುವ ಕೋಣೆಯೊಳಗೆ ಹೋಗಿ ಆ ಹುಡುಗಿಗೆ ಫೋನು ಹಚ್ಚಿದೆ. ಕನ್ನಡಕ ತಂದಿರಲಿಲ್ಲ, ಯಾವ ಗುಂಡಿ ಒತ್ತಿದೆನೋ, ಸ್ಪೀಕರು ಆನ್ ಆಯಿತು. ಕತ್ತರಿ ಮೈಕಿನ ವೈರು ಸರಿಮಾಡುತ್ತಾ ಮೇಜಿನ ಕೆಳಗೆ ಕೂತಿದ್ದಾನೆಂದು ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

"ಏನಮ್ಮಾ, ನಿಮ್ಮ ಮೇಷ್ಟರಿಗೆ ನಮ್ಮ ಪುಸ್ತಕ ಯಾಕೆ ಹಿಡಿಸಲಿಲ್ಲ?"

"ಅಯ್ಯೋ ಅಕ್ಕ, ಅವರು ಪುಸ್ತಕ ಎಲ್ಲಿ ಕೇಳ್ತಿದ್ರು!" ಎಂದಳು. "ಪ್ರತಿ ಭಾಗದ ಮೊದಲಲ್ಲಿ ಒಂದು ದನಿ ಬರ್ತಿತ್ತಲ್ಲ, 'ಭಾಗ ಇಷ್ಟು' ಅಂತ? ಅದು ಬಂದ ತಕ್ಷಣ 'ಹೂಂ, ಮುಂದೆ?' ಅನ್ನೋರು, ಗುಂಡಿ ಒತ್ತಿ ಮುಂದಿನ ಭಾಗಕ್ಕೆ ಹೋಗೋರು. ಮತ್ತೆ 'ಹೂಂ, ಮುಂದೆ?' ಹೀಗೇ ಕೊನೇವರೆಗೂ. ಹೊಸ ಪುಸ್ತಕ ಅಂದರೆ ಎಷ್ಟು ಭಾಗ ಆಗುತ್ತೆ ಅಂತಷ್ಟೇ ಕೇಳೋರು. ಹೆಚ್ಚು ಭಾಗ ಇದ್ದರೆ ತರಿಸು ಅನ್ನೋರು. ನಾವೆಲ್ಲ ಮೇಷ್ಟರಿಗೆ ಅರಳುಮರಳು ಅಂದುಕೊಂಡಿದ್ವಿ. ಬೇಸಾಯದ ಪುಸ್ತಕದಲ್ಲಿ ಆ ದನಿ ಇರಲಿಲ್ಲ ನೋಡಿ, ಪೂರ್ತಿ ಹುಡುಕಿದರು. ಒಂದೊಂದು ಭಾಗಾನೂ ಹಾಕಿಸಿ ಹುಡುಕಿದರು. ಆಮೇಲೆ, 'ಅವನು ಹೋಗಿಬಿಟ್ಟನಾ ವಿಚಾರಿಸಮ್ಮ' ಅಂದರು. ಯಾರು ಅಂದರೆ ಹೇಳಲಿಲ್ಲ. ಯಾರನ್ನು ಅಂತ ವಿಚಾರಿಸಲಿ ಅಕ್ಕ ನಾನು?"

ಮೇಜಿನ ಕೆಳಗೆ ಏನೋ ಧಡ್ ಎಂದಿತು. ಕತ್ತರಿ ತಲೆ ತಾಗಿಸಿಕೊಂಡು ಹೊರಗೆ ತೆವಳಿ ಬಂದ. ಎದ್ದು ನಿಲ್ಲಲೂ ಆಗದೆ ಮಂಡಿಯ ಮೇಲೆ ಹಾಗೇ ಇದ್ದ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ, ಕಣ್ಣಿಂದ ನೀರು ಧಾರೆಯಾಗಿ ಬೆರಳ ಮೇಲೆ ಇಳಿಯುತ್ತಿತ್ತು. ಕೈಯಲ್ಲಿ ಫೋನಿರುವುದನ್ನೇ ಮರೆತು ಅವನ ಕಡೆಗೆ ಬಗ್ಗಿದೆ.

"ಅಕ್ಕಾ? ಇದೀರಾ?"

"ಇದೀನಿ. ಫೋನು ತಗೊಂಡು ಮೇಷ್ಟರ ಕೋಣೆಗೆ ಹೋಗಮ್ಮ. ಸ್ಪೀಕರಿಗೆ ಹಾಕು. ಹಾಕಿ ನೀನು ಆಚೆ ಹೋಗು."

ಅವಳ ಹೆಜ್ಜೆ ಕೇಳಿಸಿತು, ಬಾಗಿಲು ತೆಗೆದದ್ದು ಕೇಳಿಸಿತು. ಯಾರೋ ಕೆಮ್ಮಿದರು. ನಾನು ಫೋನನ್ನು ಮೇಜಿನ ಮೇಲಿಟ್ಟು ಕತ್ತರಿಯ ತೋಳು ಹಿಡಿದು ಎಬ್ಬಿಸಿದೆ. ಬೇಡ ಬೇಡ ಎಂದು ತಲೆಯಾಡಿಸಿದ.

"ಅಣ್ಣ ಅಂದಿದ್ದು..." ಎಂದು ಪಿಸುಗುಟ್ಟಿದ.

"ಗೊತ್ತು ಕಣೋ ಪುಣ್ಯಾತ್ಮ. ನಿನ್ನ ಮಾತು ಆಡಬೇಡ. ಪುಸ್ತಕದ ಮಾತು ಆಡು," ಎಂದೆ ಅವನ ಕಿವಿಯಲ್ಲಿ.

ಕಣ್ಣು ಒರೆಸಿಕೊಂಡ. ಕೈಕಟ್ಟಿ ನೆಟ್ಟಗೆ ನಿಂತ, ಪಾಠ ಒಪ್ಪಿಸುವ ಹುಡುಗನ ಹಾಗೆ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲಕ್ಕೆ ದನಿ ಬಂತು.

"ಭಾಗ ಒಂದು."

ಫೋನು ಕಡಿದುಹೋಯಿತೇನೋ, ಅಲ್ಲಿಯ ಲೈನಿಗೆ ಬೆಂಕಿ ಬೀಳಲಿ ಎಂದು ಶಪಿಸತೊಡಗಿದ್ದೆ. ಆಮೇಲೆ ಬಹಳ ಕೆಳಗಿನಿಂದ, ನಡುಗುತ್ತಾ, ಆ ಮುದಿ ದನಿ ಬಂತು.

"ಹೂಂ. ಮುಂದೆ?"

"ಭಾಗ ಎರಡು."

"ಹೂಂ. ಮುಂದೆ?"

ನಾನು ಸದ್ದಾಗದ ಹಾಗೆ ಹೊರಗೆ ಬಂದು ಬಾಗಿಲು ಎಳೆದು ಕೆಂಪು ದೀಪ ಹಾಕಿದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಸಾಹೇಬರು ಆ ಕಡೆಯಿಂದ ಬಂದವರು ದೀಪ ನೋಡಿ ನಿಂತರು.

"ಇವತ್ತು ಯಾರದೂ ಓದು ಇರಲಿಲ್ಲವಲ್ಲ? ಯಾರಿದಾರೆ ಒಳಗೆ?"

"ಕತ್ತರಿ ಸಾರ್," ಎಂದೆ. "ದಪ್ಪ ಪುಸ್ತಕ. ಬೇಗ ಮುಗಿಯೋದಲ್ಲ."